‘ಲೈಸೆನ್ಸ್ ಬೇಡ’ ಎಂಬ ಮಾತು ಎಲ್ಲಿಯವರೆಗೆ ನಿಜ?

ಜುಮಾ ನಮಾಝ್ ಮುಗಿಸಿ ಹೊರಬರುವಾಗ ಮಸೀದಿಯ ಅಂಗಳದಲ್ಲಿ ನಿಂತ ವಾಹನಗಳ ಸಾಲನ್ನು ಒಮ್ಮೆ ಗಮನಿಸಿ. ಕೆಲವು ವರ್ಷಗಳ ಹಿಂದೆ ಅಪರೂಪವಾಗಿದ್ದ ಒಂದು ಬಗೆಯ ವಾಹನ ಈಗ ಎಲ್ಲ ಸಾಲುಗಳಲ್ಲೂ ಕಾಣುತ್ತದೆ. ನೋಡಲು ಸ್ಕೂಟರಿನಂತೆ ಇರುತ್ತದೆ, ಇಲ್ಲವೇ ದಪ್ಪ ಚಕ್ರದ ಸೈಕಲಿನಂತೆ ಇರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ನಂಬರ್ ಪ್ಲೇಟೂ ಇಲ್ಲ. ಮದ್ರಸಕ್ಕೆ ಹೋಗುವ ಹುಡುಗ ಅದರಲ್ಲಿ ಬರುತ್ತಾನೆ. ಮಗುವನ್ನು ಶಾಲೆಗೆ ಬಿಡುವ ತಾಯಿ ಅದರಲ್ಲಿ ಹೋಗುತ್ತಾರೆ. ಮನೆಮನೆಗೆ ಊಟ ತಲುಪಿಸುವ ಯುವಕನ ಅನ್ನವೂ ಅದರಿಂದಲೇ ಹುಟ್ಟುತ್ತದೆ.

ಈ ವಾಹನಗಳ ಬಗ್ಗೆ ಓದುಗರು ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ರೀತಿಯವು. “ಅಂಗಡಿಯವರು ಲೈಸೆನ್ಸ್ ಬೇಡ, ನೋಂದಣಿ ಬೇಡ, ಪೊಲೀಸರು ಹಿಡಿಯುವುದಿಲ್ಲ ಎಂದು ಹೇಳಿ ಮಾರಿದರು. ಈಗ ಪೊಲೀಸರು ಗಾಡಿ ತೆಗೆದುಕೊಂಡು ಹೋಗಿದ್ದಾರೆ. ಇದು ಅನ್ಯಾಯವಲ್ಲವೇ?” ಉತ್ತರ ಸುಲಭವಾಗಿಲ್ಲ. ಅಂಗಡಿಯವರು ಹೇಳಿದ್ದರಲ್ಲಿ ನಿಜವಿದೆ. ಆದರೆ ಆ ನಿಜಕ್ಕೆ ಒಂದು ಗಡಿಯಿದೆ. ಗಡಿ ದಾಟಿದರೆ ಏನಾಗುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನಮಗೆ ಪರಿಚಯವಿರುವ ಒಂದು ಕುಟುಂಬದ ವಿಷಯ ಹೇಳುತ್ತೇವೆ. ತಂದೆ ಹೊಲಿಗೆ ಕೆಲಸದವರು. ಮಗ ಪಿಯುಸಿ ಓದುತ್ತಿದ್ದ, ಹದಿನೇಳು ವರ್ಷ. “ಅಬ್ಬಾ, ಇದಕ್ಕೆ ಲೈಸೆನ್ಸೇ ಬೇಡವಂತೆ” ಎಂದು ಮಗ ಹೇಳಿದಾಗ ಅವರು ಕಂತಿನಲ್ಲಿ ಒಂದು ಸಣ್ಣ ವಿದ್ಯುತ್ ಸ್ಕೂಟರ್ ಕೊಡಿಸಿದರು. ಕೆಲವು ದಿನಗಳ ನಂತರ ಮಗ ಗ್ಯಾರೇಜಿನಲ್ಲಿ ಅದರ ‘ಲಾಕ್’ ತೆಗೆಸಿಕೊಂಡ. ಗಾಡಿ ಮೊದಲಿಗಿಂತ ಜೋರಾಗಿ ಓಡತೊಡಗಿತು. ತಂದೆಗೆ ಇದು ತಿಳಿದಿರಲಿಲ್ಲ. ಒಂದು ಸಂಜೆ ಅದೇ ಬೀದಿಯಲ್ಲಿ ತರಕಾರಿ ಗಾಡಿ ತಳ್ಳುವ ವೃದ್ಧರೊಬ್ಬರಿಗೆ ಅದು ಡಿಕ್ಕಿ ಹೊಡೆಯಿತು. ಅವರ ಕಾಲಿನ ಮೂಳೆ ಮುರಿಯಿತು. ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸಿದಾಗ ಗಾಡಿ ಗಂಟೆಗೆ 40 ಕಿಲೋಮೀಟರಿಗಿಂತ ವೇಗವಾಗಿ ಓಡುತ್ತದೆ ಎಂದು ಗೊತ್ತಾಯಿತು. ಅಲ್ಲಿಗೆ ‘ಲೈಸೆನ್ಸ್ ಬೇಡ’ ಎಂಬ ಮಾತು ಮುಗಿಯಿತು. ಆ ವೃದ್ಧರ ವಿಷಯಕ್ಕೆ ಮುಂದೆ ಬರುತ್ತೇವೆ. ಮೊದಲು ಕಾನೂನು ಏನೆಂದು ನೋಡೋಣ.

ಕಾನೂನು ಎಳೆದ ಗೆರೆ

ನಮ್ಮ ದೇಶದಲ್ಲಿ ರಸ್ತೆಯ ವಾಹನಗಳಿಗೆ ಅನ್ವಯಿಸುವುದು 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಲೈಸೆನ್ಸ್, ನೋಂದಣಿ, ವಿಮೆ ಇವೆಲ್ಲ ಬೇಕಾಗುವುದು ‘ಮೋಟಾರು ವಾಹನ’ಕ್ಕೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಈ ಗಾಡಿ ಕಾನೂನಿನ ದೃಷ್ಟಿಯಲ್ಲಿ ಮೋಟಾರು ವಾಹನವೋ, ಅಲ್ಲವೋ?

ಕೇಂದ್ರ ನಿಯಮಗಳ 2ನೇ ನಿಯಮದಲ್ಲಿ ಬ್ಯಾಟರಿ ಚಾಲಿತ ವಾಹನದ ವ್ಯಾಖ್ಯೆ ಇದೆ. ಕೆಲವು ಷರತ್ತುಗಳನ್ನು ಪೂರೈಸುವ ಬ್ಯಾಟರಿ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ ಎಂದು ಅದು ಹೇಳುತ್ತದೆ. ಷರತ್ತುಗಳು ಇವು. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಇದು ಮೋಟಾರು ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಶಕ್ತಿಯ ಲೆಕ್ಕ. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್ ಮೀರಬಾರದು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ದಾಟಬಾರದು. ಸರಿಯಾದ ಬ್ರೇಕ್ ಇರಬೇಕು, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಪೆಡಲ್ ತುಳಿಯುವ ಸೈಕಲಿಗೆ ಸಹಾಯಕ ಮೋಟಾರು ಕೂರಿಸಿದ್ದರೆ, ವೇಗ 25 ಮುಟ್ಟುತ್ತಿದ್ದಂತೆ ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದಂತೆ ಮೋಟಾರಿನ ಸಹಾಯ ತಾನಾಗಿ ನಿಲ್ಲಬೇಕು.

ಇಷ್ಟೇ ಸಾಲದು. ಈ ಷರತ್ತುಗಳು ಪೂರೈಸಿವೆ ಎಂದು ಅಂಗೀಕೃತ ಪರೀಕ್ಷಾ ಸಂಸ್ಥೆಯೊಂದು ಆ ಮಾದರಿಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರಬೇಕು. ಪುಣೆಯ ಎಆರ್‌ಎಐ ಮತ್ತು ಮಾನೇಸರದ ಐಸಿಎಟಿ ಅಂತಹ ಸಂಸ್ಥೆಗಳು. ಆದ್ದರಿಂದ ಮಾರುವವರ ಬಾಯಿಮಾತು ಪ್ರಮಾಣವಲ್ಲ. ಗಾಡಿಯ ಮೇಲೆ ಅಂಟಿಸಿದ ‘250 ವ್ಯಾಟ್’ ಎಂಬ ಸ್ಟಿಕ್ಕರೂ ಪ್ರಮಾಣವಲ್ಲ. ನಾವು ಕೊಳ್ಳುವ ಮಾದರಿಯ ಹೆಸರು ಇರುವ ಪರೀಕ್ಷಾ ಪ್ರಮಾಣಪತ್ರದ ಪ್ರತಿಯೇ ಪ್ರಮಾಣ.

ಇಲ್ಲಿ ಒಂದು ಮಾತು ನೆನಪಿಡಬೇಕು. ಈ ಷರತ್ತುಗಳಲ್ಲಿ ಒಂದನ್ನು ಪೂರೈಸಿದರೆ ಸಾಕು ಎಂದಿಲ್ಲ. ಎಲ್ಲವೂ ಒಟ್ಟಿಗೆ ಇರಬೇಕು. ಮೋಟಾರು 250 ವ್ಯಾಟ್‌ನ ಒಳಗೇ ಇದ್ದರೂ ಗಾಡಿ 35ರಲ್ಲಿ ಓಡಿದರೆ ವಿನಾಯಿತಿ ಇಲ್ಲ. ವೇಗ 25 ಮೀರದಿದ್ದರೂ ಮೋಟಾರು 500 ವ್ಯಾಟ್‌ನದಾಗಿದ್ದರೆ ಆಗಲೂ ವಿನಾಯಿತಿ ಇಲ್ಲ.

ಈ ಗೆರೆಯೊಳಗೆ ಇರುವ ಗಾಡಿ ಬಡ ಮತ್ತು ಮಧ್ಯಮ ವರ್ಗದ ಕುಟುಂಬಗಳಿಗೆ ನಿಜಕ್ಕೂ ಒಂದು ಅನುಕೂಲ. ಪೆಟ್ರೋಲಿನ ಖರ್ಚಿಲ್ಲ, ಮನೆಯ ಪ್ಲಗ್ಗಿನಲ್ಲೇ ಚಾರ್ಜ್ ಆಗುತ್ತದೆ. ಸ್ಕೂಟರ್ ಓಡಿಸಲು ಹಿಂಜರಿಯುತ್ತಿದ್ದ ಎಷ್ಟೋ ಸಹೋದರಿಯರು ಇದರಲ್ಲಿ ಧೈರ್ಯವಾಗಿ ಮಾರುಕಟ್ಟೆಗೆ ಹೋಗಿ ಬರುತ್ತಾರೆ. ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ತೊಂದರೆ ಶುರುವಾಗುವುದು ಗೆರೆ ದಾಟಿದಾಗ.

ಒಂದು ವೈರಿನ ವ್ಯತ್ಯಾಸ

ಈ ಗಾಡಿಗಳ ವೇಗವನ್ನು ಹಿಡಿದಿಡುವುದು ಕಂಟ್ರೋಲರ್ ಎಂಬ ಸಣ್ಣ ಪೆಟ್ಟಿಗೆ. ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಎಂದು ಅದು ತೀರ್ಮಾನಿಸುತ್ತದೆ. ಹಲವು ಗಾಡಿಗಳಲ್ಲಿ ವೇಗದ ಮಿತಿ ಒಂದು ವೈರಿನ ಜೋಡಣೆಯಲ್ಲೋ, ಒಂದು ಸೆಟ್ಟಿಂಗಿನಲ್ಲೋ ಇರುತ್ತದೆ. ಅದನ್ನು ಬಿಚ್ಚುವುದಕ್ಕೆ ಗ್ಯಾರೇಜಿನಲ್ಲಿ ಹೆಚ್ಚು ಹೊತ್ತು ಬೇಡ. ಇನ್ನೂ ಕೆಲವರು ದೊಡ್ಡ ಕಂಟ್ರೋಲರ್ ಅಥವಾ ಹೆಚ್ಚು ವೋಲ್ಟಿನ ಬ್ಯಾಟರಿ ಹಾಕಿಸುತ್ತಾರೆ.

ಕಣ್ಣಿಗೆ ಗಾಡಿ ಅದೇ, ಬಣ್ಣ ಅದೇ. ಕಾನೂನಿನಲ್ಲಿ ಮಾತ್ರ ಅದು ಈಗ ಬೇರೆ ವಾಹನ. ವಿನಾಯಿತಿ ಕಳೆದುಕೊಂಡ ಆ ಕ್ಷಣದಿಂದ ಅದು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. ಅದನ್ನು ಓಡಿಸುವವರ ಬಳಿ ಲೈಸೆನ್ಸ್ ಇಲ್ಲದಿದ್ದರೆ ಅದೂ ಸೇರಿ ಒಂದೇ ಸವಾರಿಯಲ್ಲಿ ಮೂರು ಅಪರಾಧ. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 181ನೇ ಸೆಕ್ಷನ್ ಪ್ರಕಾರ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಲೈಸೆನ್ಸ್ ಇಲ್ಲದವರಿಗೆ ಓಡಿಸಲು ಕೊಟ್ಟ ಮಾಲೀಕರಿಗೆ 180ನೇ ಸೆಕ್ಷನ್. ನೋಂದಣಿ ಇಲ್ಲದ್ದಕ್ಕೆ 192ನೇ ಸೆಕ್ಷನ್ ಪ್ರಕಾರ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ. ವಿಮೆ ಇಲ್ಲದ್ದಕ್ಕೆ 196ನೇ ಸೆಕ್ಷನ್ ಪ್ರಕಾರ ಮೊದಲ ಸಲ 2,000 ರೂಪಾಯಿ. ಸ್ಥಳದಲ್ಲೇ ಕಟ್ಟಿ ಮುಗಿಸುವ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ಬೇರೆಯಾಗಿ ನಿಗದಿಪಡಿಸಬಹುದಾದ್ದರಿಂದ ರಸೀದಿಯಲ್ಲಿ ಕಾಣುವ ಅಂಕಿ ಸ್ವಲ್ಪ ಬದಲಾಗಬಹುದು.

ಗಾಡಿಯನ್ನು ಕಾನೂನಿಗೆ ವಿರುದ್ಧವಾಗಿ ಮಾರ್ಪಡಿಸಿದ ಮಾಲೀಕರಿಗೆ 182ಎ ಸೆಕ್ಷನ್ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲಿದೆ. ನಿಯಮ ಮೀರಿದ ಮೋಟಾರು ವಾಹನವನ್ನು ಮಾರುವ ಅಥವಾ ಹಾಗೆ ಮಾರ್ಪಡಿಸುವ ಡೀಲರಿಗೆ ಇದೇ ಸೆಕ್ಷನ್ನಿನಲ್ಲಿ ಒಂದು ವಾಹನಕ್ಕೆ 1 ಲಕ್ಷ ರೂಪಾಯಿವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ‘ಲಾಕ್ ನಾವೇ ತೆಗೆದುಕೊಡುತ್ತೇವೆ’ ಎಂದು ಹೇಳುವ ಅಂಗಡಿಯವರಿಗೆ ಇದನ್ನು ನೆನಪಿಸುವುದು ತಪ್ಪಲ್ಲ.

“ಹಾಗಾದರೆ ಈಗಲೇ ಆರ್‌ಟಿಒ ಕಚೇರಿಗೆ ಹೋಗಿ ನೋಂದಣಿ ಮಾಡಿಸಿಬಿಡೋಣ” ಎಂದು ಕೆಲವರು ಯೋಚಿಸುತ್ತಾರೆ. ಆ ದಾರಿ ತೆರೆದಿಲ್ಲ. ಆ ಮಾದರಿ ಮೋಟಾರು ವಾಹನವೆಂದು ಪರೀಕ್ಷೆಯಾಗಿ ಒಪ್ಪಿಗೆ ಪಡೆದಿರುವುದಿಲ್ಲ. ಒಪ್ಪಿಗೆ ಇಲ್ಲದ ಮಾದರಿಗೆ ಆರ್‌ಸಿ ಸಿಗುವುದಿಲ್ಲ. ಉಳಿಯುವುದು ಒಂದೇ ದಾರಿ: ಮಿತಿಯನ್ನು ಮೊದಲಿನಂತೆ ಕೂರಿಸುವುದು.

ಕಾನೂನು 25ರಲ್ಲೇ ಏಕೆ ಗೆರೆ ಎಳೆಯಿತು ಎಂದು ಯುವಕರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. 25ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 7 ಮೀಟರ್ ಹೋಗುತ್ತದೆ. 45ರಲ್ಲಿ ಹನ್ನೆರಡೂವರೆ ಮೀಟರ್. ಎದುರಿಗೆ ಮಗು ಓಡಿ ಬಂದಾಗ ಬ್ರೇಕ್ ಹಿಡಿಯಲು ನಮಗೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ ಅಷ್ಟು ದೂರ ಸಾಗಿರುತ್ತದೆ. ಇನ್ನು ಡಿಕ್ಕಿಯ ಹೊಡೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 25ರಿಂದ 45ಕ್ಕೆ ವೇಗ ಎರಡು ಪಟ್ಟೂ ಆಗಿಲ್ಲ, ಹೊಡೆತ ಮೂರು ಪಟ್ಟು ದಾಟಿರುತ್ತದೆ. ಈ ಗಾಡಿಗಳ ಬ್ರೇಕು, ಟೈರು, ಚೌಕಟ್ಟು ಎಲ್ಲವನ್ನೂ ಮಾಡಿರುವುದು 25ರ ವೇಗಕ್ಕೆ.

ಪೆಟ್ರೋಲ್ ಎಂಜಿನ್ ಕೂರಿಸಿದ ಸೈಕಲ್

ಕೆಲವು ಹುಡುಗರು ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಸಾಮಾನ್ಯ ಸೈಕಲಿಗೆ ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸುತ್ತಾರೆ. ‘ಇದು ಸೈಕಲ್ ತಾನೇ’ ಎಂಬುದು ಅವರ ವಾದ. ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ ಅದು ಮೋಟಾರು ವಾಹನವಲ್ಲ. ಕಿಟ್‌ಗಳಲ್ಲಿ ಬರುವ ಎಂಜಿನ್‌ಗಳು ಸಾಮಾನ್ಯವಾಗಿ 49 ಸಿಸಿ, 80 ಸಿಸಿ. ಪೆಡಲ್ ಇದ್ದ ಮಾತ್ರಕ್ಕೆ ಸೈಕಲ್ ಆಗುವುದಿಲ್ಲ. ನಮ್ಮ ಹಿರಿಯರು ಓಡಿಸಿದ 50 ಸಿಸಿಯ ಲೂನಾಕ್ಕೂ ಪೆಡಲ್ ಇತ್ತು. ಅದಕ್ಕೆ ನಂಬರ್ ಪ್ಲೇಟೂ ಇತ್ತು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ‘ಹದಿನಾರು ವರ್ಷಕ್ಕೆ ಗೇರ್ ಇಲ್ಲದ ಗಾಡಿಗೆ ಲೈಸೆನ್ಸ್ ಸಿಗುತ್ತದೆ’ ಎಂದು ಅನೇಕ ತಂದೆತಾಯಿಗಳು ನಂಬಿದ್ದಾರೆ. 4ನೇ ಸೆಕ್ಷನ್ನಿನಲ್ಲಿ ಹದಿನಾರರ ಅನುಮತಿ ಇರುವುದು 50 ಸಿಸಿ ಮೀರದ ಎಂಜಿನ್‌ಗೆ ಮಾತ್ರ. ಈಗ ಮನೆಮನೆಯಲ್ಲಿ ಇರುವ ಗೇರ್ ಇಲ್ಲದ ಸ್ಕೂಟರ್‌ಗಳು 110, 125 ಸಿಸಿಯವು. ಅವುಗಳಿಗೆ ಹದಿನೆಂಟು ತುಂಬಲೇಬೇಕು.

ಮಗನ ಕೈಗೆ ಗಾಡಿ ಕೊಡುವ ಮುನ್ನ

2019ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಾಗ 199ಎ ಎಂಬ ಹೊಸ ಸೆಕ್ಷನ್ ಸೇರಿಸಲಾಯಿತು. ಪ್ರತಿ ತಂದೆತಾಯಿಯೂ ಇದನ್ನು ತಿಳಿದಿರಬೇಕು. ಹದಿನೆಂಟು ತುಂಬದ ಮಗು ಮೋಟಾರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರು. ಶಿಕ್ಷೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಇದ್ದರೆ ಅದು ಹನ್ನೆರಡು ತಿಂಗಳ ಕಾಲ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ.

ಇದರಲ್ಲಿ ಗಮನಿಸಬೇಕಾದದ್ದು ಇನ್ನೊಂದು ಅಂಶ. ಪೋಷಕರು ಅನುಮತಿ ಕೊಟ್ಟಿದ್ದರು ಎಂದೇ ನ್ಯಾಯಾಲಯ ಭಾವಿಸುತ್ತದೆ. ತನಗೆ ಗೊತ್ತಿರಲಿಲ್ಲ, ಅಥವಾ ತಡೆಯಲು ಸಾಧ್ಯವಾದದ್ದನ್ನೆಲ್ಲ ಮಾಡಿದ್ದೆ ಎಂದು ಸಾಬೀತುಪಡಿಸುವ ಹೊಣೆ ಪೋಷಕರದ್ದೇ. ನಮ್ಮ ಆ ಹೊಲಿಗೆ ಕೆಲಸದ ಸಹೋದರರು ಹೇಳಿದ ಮಾತು ಇದು: “ಲಾಕ್ ತೆಗೆಸಿದ್ದು ನನಗೆ ಗೊತ್ತಿರಲಿಲ್ಲ ನಿಜ. ಆದರೆ ಗಾಡಿ ದಿನಾ ಮನೆ ಮುಂದೆ ನಿಲ್ಲುತ್ತಿತ್ತು. ಒಂದು ದಿನ ನಾನೇ ಓಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು.”

ಮಿತಿಯೊಳಗಿನ ವಿದ್ಯುತ್ ಸೈಕಲಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ, ಏಕೆಂದರೆ ಅದು ಮೋಟಾರು ವಾಹನವಲ್ಲ. ಆದರೆ ಒಂದು ವೈರ್ ಬಿಚ್ಚಿದರೆ ಅದೇ ಮಗು, ಅದೇ ಗಾಡಿ ಈ ಸೆಕ್ಷನ್ನಿನ ಒಳಗೆ ಬರುತ್ತಾರೆ.

ಗಾಯಗೊಂಡವರ ಹಕ್ಕು

ದಂಡ ಕಟ್ಟಿದರೆ ಮುಗಿಯಿತು ಎಂದು ನಾವು ಯೋಚಿಸುವುದುಂಟು. ಈಗ ಆ ತರಕಾರಿ ಮಾರುವ ವೃದ್ಧರ ಕಡೆಯಿಂದ ನೋಡೋಣ.

ನೋಂದಣಿಯಾದ ಪ್ರತಿ ವಾಹನಕ್ಕೂ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಈ ವಿಮೆ ನಮ್ಮ ಗಾಡಿಗಾಗಿ ಅಲ್ಲ. ನಮ್ಮ ಗಾಡಿಯಿಂದ ಪೆಟ್ಟು ತಿನ್ನುವ ಅಪರಿಚಿತನಿಗಾಗಿ. ಅವನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ ಆಸ್ಪತ್ರೆಯ ಖರ್ಚು, ಕಳೆದುಹೋದ ಸಂಪಾದನೆ, ಅಂಗಊನ ಇವಕ್ಕೆ ಪರಿಹಾರ ಸಿಗುತ್ತದೆ. ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೂ, ವಿಮಾ ಕಂಪನಿ ಮೊದಲು ಸಂತ್ರಸ್ತನಿಗೆ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವ ದಾರಿಯನ್ನು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ತೋರಿಸಿದೆ.

ವಿಮೆಯೇ ಇಲ್ಲದ ಗಾಡಿಯಾದರೆ? ಕೊಡಬೇಕಾದ ಇಡೀ ಮೊತ್ತ ಮಾಲೀಕನ ತಲೆಯ ಮೇಲೆ. ಮಾಲೀಕನಿಗೆ ಕೊಡಲು ಶಕ್ತಿಯಿಲ್ಲದಿದ್ದರೆ ಗಾಯಗೊಂಡವನ ಕೈಯಲ್ಲಿ ಉಳಿಯುವುದು ಆದೇಶದ ಕಾಗದ ಮಾತ್ರ. ನಾವು ಹೇಳಿದ ಪ್ರಸಂಗದಲ್ಲಿ ಆ ತಂದೆ ಪತ್ನಿಯ ಒಡವೆ ಅಡವಿಟ್ಟು ಶಸ್ತ್ರಚಿಕಿತ್ಸೆಯ ಖರ್ಚು ಕೊಟ್ಟರು. ಆ ವೃದ್ಧರು ತಿಂಗಳುಗಟ್ಟಲೆ ಗಾಡಿ ತಳ್ಳಲಾಗದೆ ಮನೆಯಲ್ಲಿ ಕುಳಿತರು. ಇಬ್ಬರೂ ಒಂದೇ ಬೀದಿಯವರು. ಒಂದು ಮನೆ ಸಾಲಕ್ಕೆ ಬಿತ್ತು, ಇನ್ನೊಂದು ಮನೆಯ ಒಲೆಗೆ ಅಡ್ಡಿಯಾಯಿತು.

ಮಿತಿಯೊಳಗಿನ ಗಾಡಿಗೆ ವಿಮೆ ಕಡ್ಡಾಯವಲ್ಲ. ಹಾಗೆಂದು ಹೊಣೆ ಇಲ್ಲ ಎಂದಲ್ಲ. ಅಜಾಗರೂಕತೆಯಿಂದ ಯಾವುದೇ ವಾಹನ ಓಡಿಸಿ ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಅನ್ವಯಿಸುತ್ತದೆ. ಅಲ್ಲಿ ಮೋಟಾರು ವಾಹನವೇ ಆಗಬೇಕೆಂದಿಲ್ಲ.

ಪೊಲೀಸರು ತಡೆದಾಗ

ನಂಬರ್ ಪ್ಲೇಟ್ ಇಲ್ಲದ ಗಾಡಿ ವೇಗವಾಗಿ ಹೋಗುವುದನ್ನು ಕಂಡರೆ ಸಂಚಾರ ಪೊಲೀಸರು ತಡೆಯುತ್ತಾರೆ. ಅದು ಅವರ ಕೆಲಸ. ಓಡಿ ಹೋಗುವುದು, ವಾದಕ್ಕೆ ಇಳಿಯುವುದು, ಪರಿಚಯದವರಿಗೆ ಫೋನ್ ಮಾಡಿಸುವುದು ಯಾವುದೂ ಉಪಕಾರಕ್ಕೆ ಬರುವುದಿಲ್ಲ. ಗಾಡಿ ಬದಿಗೆ ನಿಲ್ಲಿಸಿ, ಖರೀದಿಯ ಬಿಲ್ ಮತ್ತು ಪರೀಕ್ಷಾ ಪ್ರಮಾಣಪತ್ರದ ಪ್ರತಿ ತೋರಿಸಿ. ಗಾಡಿ ನಿಜಕ್ಕೂ ಮಿತಿಯೊಳಗೆ ಇದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ.

ಲೈಸೆನ್ಸ್ ಅಥವಾ ನೋಂದಣಿ ಇಲ್ಲದೆ ಮೋಟಾರು ವಾಹನ ಓಡುತ್ತಿದೆ ಎಂದು ನಂಬಲು ಕಾರಣವಿದ್ದರೆ 207ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ವಶಕ್ಕೆ ಪಡೆಯುವ ಅಧಿಕಾರ ಪೊಲೀಸರಿಗಿದೆ. ಹಾಗಾದಾಗ ಯಾವ ಸೆಕ್ಷನ್ ಎಂದು ಸಭ್ಯವಾಗಿ ಕೇಳಿ, ಗಾಡಿ ಪಡೆದದ್ದಕ್ಕೆ ಲಿಖಿತ ಸ್ವೀಕೃತಿ ಪಡೆಯಿರಿ. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ರಸೀದಿ ಇಲ್ಲದ ಹಣ ದಂಡವಲ್ಲ, ಲಂಚ. ಕೇಳುವುದೂ ಕೊಡುವುದೂ ಎರಡೂ ತಪ್ಪು. ಅನ್ಯಾಯವಾಗಿದೆ ಎನಿಸಿದರೆ ದಂಡ ಒಪ್ಪಿಕೊಳ್ಳದೆ ನ್ಯಾಯಾಲಯದ ಮುಂದೆ ಹೇಳಿಕೊಳ್ಳುವ ಹಕ್ಕು ನಿಮಗಿದೆ.

ಈಗ ಮಾಡಬೇಕಾದದ್ದು

ಮನೆಯಲ್ಲಿ ಇಂತಹ ಗಾಡಿ ಈಗಾಗಲೇ ಇದ್ದರೆ ಈ ವಾರವೇ ಒಂದು ಕೆಲಸ ಮಾಡಿ. ಖಾಲಿ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ನೀವೇ ಓಡಿಸಿ ನೋಡಿ. ಗಾಡಿಯ ಮೀಟರ್ ನಂಬಬೇಡಿ. ಪಕ್ಕದಲ್ಲಿ ಇನ್ನೊಬ್ಬರು ಬೇರೆ ವಾಹನದಲ್ಲಿ ಬಂದರೆ ನಿಜವಾದ ವೇಗ ತಿಳಿಯುತ್ತದೆ. 25 ದಾಟುತ್ತಿದ್ದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಮಿತಿಯನ್ನು ಮತ್ತೆ ಕೂರಿಸಿ, ಹಾಗೆ ಮಾಡಿದ್ದೇವೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹೊಸದಾಗಿ ಕೊಳ್ಳುವವರು ಹಣ ಕೊಡುವ ಮುನ್ನ ಪರೀಕ್ಷಾ ಪ್ರಮಾಣಪತ್ರದ ಪ್ರತಿ ಕೇಳಿ. ಅದರಲ್ಲಿರುವ ಮಾದರಿಯ ಹೆಸರು ಮತ್ತು ಬಿಲ್ಲಿನಲ್ಲಿರುವ ಹೆಸರು ಒಂದೇ ಇದೆಯೇ ನೋಡಿ. ‘ಕಾಗದ ಆಮೇಲೆ ಕಳಿಸುತ್ತೇವೆ’ ಎಂದರೆ ಆಮೇಲೆಯೇ ಕೊಳ್ಳಿ. ಬಾಡಿಗೆ ಗಾಡಿಯಲ್ಲಿ ಡೆಲಿವರಿ ಕೆಲಸ ಮಾಡುವ ಸಹೋದರರೂ ಇದನ್ನೇ ಕೇಳಬೇಕು. ಗಾಡಿ ಬಾಡಿಗೆಯವರದ್ದಾದರೂ ರಸ್ತೆಯಲ್ಲಿ ಸಿಕ್ಕಿಬೀಳುವವರು ನೀವು, ನಿಂತುಹೋಗುವುದು ನಿಮ್ಮ ದಿನದ ದುಡಿಮೆ.

ನಿಮ್ಮ ಕೆಲಸಕ್ಕೆ 25ರ ವೇಗ ನಿಜಕ್ಕೂ ಸಾಲದಿದ್ದರೆ ನೋಂದಣಿಯಾಗುವ ವಿದ್ಯುತ್ ಸ್ಕೂಟರನ್ನೇ ಕೊಳ್ಳಿ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರದ ನಂಬರ್ ಇರುತ್ತದೆ. ಬ್ಯಾಟರಿ ವಾಹನಗಳಿಗೆ ಆರ್‌ಸಿ ನೀಡುವ ಶುಲ್ಕವನ್ನು ಕೇಂದ್ರ ಸರ್ಕಾರ 2021ರಲ್ಲಿ ಮನ್ನಾ ಮಾಡಿದೆ. ಲೈಸೆನ್ಸ್, ವಿಮೆ, ಹೆಲ್ಮೆಟ್ ಇದ್ದರೆ ಯಾರ ಭಯವೂ ಬೇಡ.

ಮಿತಿಯೊಳಗಿನ ಗಾಡಿಗೂ ಕೆಲವು ಶಿಸ್ತು ಬೇಕು. ಹೆಲ್ಮೆಟ್ ಕಾನೂನಿಗಾಗಿ ಅಲ್ಲದಿದ್ದರೂ ತಲೆಗಾಗಿ ಹಾಕಿ. ಮೂವರು ಕೂರಬೇಡಿ. ರಾತ್ರಿ ದೀಪವಿಲ್ಲದೆ ಹೊರಡಬೇಡಿ. ಫುಟ್‌ಪಾತ್ ನಡೆಯುವವರದ್ದು, ಅದರ ಮೇಲೆ ಹತ್ತಿಸಬೇಡಿ. ವೇಗದ ಹೆದ್ದಾರಿಗೆ ಹೋಗಬೇಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೇ ಪ್ರವೇಶವಿಲ್ಲ. ಸಣ್ಣ ವಿದ್ಯುತ್ ಸೈಕಲಿಗೆ ಅಲ್ಲಿ ಜಾಗವಿಲ್ಲ.

ಮಸೀದಿ ಸಮಿತಿಗಳಿಗೂ ಒಂದು ವಿನಂತಿ. ಜುಮಾ ದಿನ ಐದು ನಿಮಿಷ ಈ ವಿಷಯವನ್ನು ಪ್ರಕಟಣೆಯಲ್ಲಿ ಹೇಳಿಸಿ. ಸಂಚಾರ ಪೊಲೀಸ್ ಠಾಣೆಯ ಅಧಿಕಾರಿಗಳನ್ನು ಕರೆದು ಯುವಕರ ಜೊತೆ ಮಾತಾಡಿಸಿ. ಗಾಡಿ ವಶವಾದ ಮೇಲೆ ಠಾಣೆಗೆ ಹೋಗುವುದಕ್ಕಿಂತ ಮೊದಲೇ ಅವರನ್ನು ಕರೆದು ಕೇಳುವುದು ಒಳ್ಳೆಯದು.

ಆ ತರಕಾರಿ ಗಾಡಿಯ ಹಿರಿಯರು ಈಗ ಕೋಲು ಹಿಡಿದು ನಡೆಯುತ್ತಾರೆ. ಹುಡುಗ ಅವರ ಮನೆಗೆ ಹೋಗಿ ಮಾರುಕಟ್ಟೆಯಿಂದ ತರಕಾರಿ ಮೂಟೆ ತಂದುಕೊಡುತ್ತಾನೆ ಎಂದು ಕೇಳಿದೆವು. ಸೈಕಲ್ ತುಳಿದುಕೊಂಡು ಹೋಗುತ್ತಾನಂತೆ. ರಸ್ತೆ ನಮಗೆ ಒಪ್ಪಿಸಿದ ಒಂದು ಅಮಾನತ್. ಅದರಲ್ಲಿ ನಮ್ಮಷ್ಟೇ ಪಾಲು ನಡೆದು ಹೋಗುವವರಿಗೂ ಇದೆ. ನಾವು ಮನೆಯಿಂದ ಗಾಡಿ ಹೊರತೆಗೆಯುವಾಗ ಅವರನ್ನು ನೆನೆಯೋಣ.